ಸಿರಾ ವೈನ್‌ಗೆ ಕಾಳುಮೆಣಸು ಹಾಕುತ್ತಾರಾ?

ಪ್ರಶ್ನೆ: ತಂಪು ಪ್ರದೇಶದ ಸಿರಾ ರೆಡ್ ವೈನ್‌ನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ ಅಂತಾರೆ. ಮೆಣಸು ಹಾಕಿರುತ್ತಾರಾ? ನಾನು ಎರಡು ಸಲ ಕುಡಿದೆ, ನನಗೇನೂ ಗೊತ್ತಾಗಲಿಲ್ಲ.

ಮೆಣಸು ಹಾಕುವುದಿಲ್ಲ. ಹಾಗಂತ ಸುಮ್ನೆ ಹೇಳುವ ಮಾತೂ ಅಲ್ಲ. ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲಿ ರೊಟಂಡೋನ್ ಅನ್ನುವ ವಸ್ತು ಇದೆ. ಸಾರಿಗೆ ಕಾಳುಮೆಣಸು ಕುಟ್ಟುವಾಗ ಮೂಗಿಗೆ ಬಡಿಯುವ ಘಾಟಿನಲ್ಲೂ ಅದೇ ಇದೆ. ಆಸ್ಟ್ರೇಲಿಯಾದ ವೈನ್ ಸಂಶೋಧಕರು ಇದನ್ನು 2008ರಲ್ಲಿ ಪ್ರಕಟಿಸಿದರು. ಈ ವಸ್ತುವಿಗೆ ಹೆಸರು ಬಂದದ್ದು ಮಾತ್ರ ಸೈಪರಸ್ ರೊಟಂಡಸ್ ಎಂಬ ಹುಲ್ಲಿನಿಂದ. ಯಾವುದು ಗೊತ್ತಾ? ನಮ್ಮ ರೈತರು ಕಿತ್ತು ಕಿತ್ತು ಸಾಕಾಗಿ ಬೈಯುವ ಜೇಕು! ಅದರ ಗಡ್ಡೆಯೇ ನಾಟಿ ಔಷಧಿಯ ಭದ್ರಮುಷ್ಟಿ.

ಇದು ಬರೀ ವಾಸನೆ, ಖಾರ ಅಲ್ಲ. ಮೆಣಸಿನ ಖಾರ ಪೈಪರೀನ್‌ನದು, ಅದು ವೈನ್‌ನಲ್ಲಿ ಇಲ್ಲ. ನಾಲಿಗೆ ಚುರುಗುಟ್ಟಲಿ ಅಂತ ಕಾದರೆ ನಿರಾಸೆಯೇ. ರೆಡ್ ವೈನ್‌ನಲ್ಲಿ ಲೀಟರಿಗೆ 16 ನ್ಯಾನೊಗ್ರಾಂ ರೊಟಂಡೋನ್ ಇದ್ದರೂ ಮೂಗು ಹಿಡಿಯುತ್ತದೆ. ಅಂದರೆ ಒಂದೇ ಒಂದು ಗ್ರಾಂ 6 ಕೋಟಿ ಲೀಟರಿಗೆ ಸಾಕು. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕಾದರೆ, 12,000 ಲೀಟರಿನ ನೀರಿನ ಟ್ಯಾಂಕರ್ 5,000 ಬೇಕು.

ಇದಕ್ಕೂ ತಂಪಿಗೂ ಏನು ಸಂಬಂಧ? ಹಣ್ಣಿಗೆ ಬಣ್ಣ ತಿರುಗಿದ ಮೇಲೆ, ಕೊಯ್ಲು ಹತ್ತಿರ ಬಂದಂತೆ ಸಿಪ್ಪೆಯಲ್ಲಿ ರೊಟಂಡೋನ್ ತುಂಬುತ್ತದೆ. ಆ ವಾರಗಳಲ್ಲಿ ಬಿಸಿಲು ಜಾಸ್ತಿಯಾಗಿ ಕಾಯಿ ಕಾದರೆ ಅದು ಕಡಿಮೆ. ಒಂದೇ ಗೊಂಚಲಿನಲ್ಲೂ ನೆರಳಿಗಿದ್ದ ಹಣ್ಣಿನಲ್ಲಿ ಜಾಸ್ತಿ, ಬಿಸಿಲಿಗೆ ಮುಖ ಮಾಡಿದ್ದರಲ್ಲಿ ಕಡಿಮೆ.

ಸಿರಾದ ತವರು ಫ್ರಾನ್ಸಿನ ಉತ್ತರ ರೋನ್ ಕಣಿವೆ. ಅಲ್ಲಿ ಕೋಟ್ ರೋಟಿ ಅಂತ ಒಂದು ಜಾಗ. (ರೊಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರಿನ ಅರ್ಥ ‘ಬಿಸಿಲಿಗೆ ಸುಟ್ಟ ಇಳಿಜಾರು’.) ತಂಪು ಅಂದಮೇಲೆ ಸುಟ್ಟ ಇಳಿಜಾರು ಹೇಗೆ, ಅಲ್ವಾ? ಬಯಲಲ್ಲಿ ಹಣ್ಣು ಸರಿಯಾಗಿ ಮಾಗದ ಸೀಮೆ ಅದು. ಅದಕ್ಕೇ ಬಿಸಿಲು ನೇರ ಬೀಳುವ ಕಡಿದಾದ ಗುಡ್ಡ ಹುಡುಕಿ ಬಳ್ಳಿ ನೆಟ್ಟರು. ಹಣ್ಣು ಮಾಗುತ್ತದೆ, ಆದರೆ ಅಷ್ಟಕ್ಕಷ್ಟೇ. ಅಲ್ಲಿನ ವೈನ್‌ನಲ್ಲಿ ಮೆಣಸಿನ ಜೊತೆ ನೇರಳೆ ಬಣ್ಣದ ವಯೊಲೆಟ್ ಹೂವು, ಹೊಗೆ ಹಿಡಿದ ಮಾಂಸ, ಉಪ್ಪಿಗೆ ಹಾಕಿದ ಆಲಿವ್ ವಾಸನೆ ಬರುತ್ತದೆ. ಹುಳಿ ಚುರುಕಾಗಿರುತ್ತದೆ, ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 13ರ ಆಸುಪಾಸು.

ಅದೇ ದ್ರಾಕ್ಷಿಯನ್ನು ಆಸ್ಟ್ರೇಲಿಯಾದಲ್ಲಿ ಶಿರಾಜ್ ಅನ್ನುತ್ತಾರೆ. ಬಿಸಿಯಾದ ಬರೋಸಾ ಕಣಿವೆಯ ಶಿರಾಜ್ ಗಟ್ಟಿ, ಜಾಮ್‌ನಂತೆ ಸಿಹಿ ವಾಸನೆ, ಆಲ್ಕೋಹಾಲ್ ಶೇ. 14.5 ದಾಟುವುದೂ ಉಂಟು. ಆದರೆ ವಿಕ್ಟೋರಿಯಾದ ತಂಪು ಗ್ರಾಂಪಿಯನ್ಸ್‌ನಲ್ಲಿ ಅದೇ ಶಿರಾಜ್ ಮೆಣಸಿಗೇ ಹೆಸರುವಾಸಿ. ಹಾಗಾಗಿ ಲೇಬಲ್ ಮೇಲೆ ಶಿರಾಜ್ ಇದೆಯೋ ಸಿರಾ ಇದೆಯೋ ಅನ್ನುವುದಕ್ಕಿಂತ ಊರು ನೋಡಿ. ನಂದಿ ಬೆಟ್ಟದ ಸುತ್ತಮುತ್ತಲೂ ಶಿರಾಜ್ ಬೆಳೆಯುತ್ತಾರೆ. ನಮ್ಮಲ್ಲಿ ಹಣ್ಣು ಮಾಗುವುದೇ ಬೇಸಿಗೆ ಏರುವ ಹೊತ್ತಿಗೆ. ಅದಕ್ಕೇ ನಾನು ಅದರಲ್ಲಿ ಮೆಣಸು ಹುಡುಕುವುದಿಲ್ಲ, ಹಣ್ಣಿನ ರುಚಿಗೆ ಕುಡಿಯುತ್ತೇನೆ.

ಇನ್ನು ನಿಮ್ಮ ವಿಷಯ. ನೀವು ಕುಡಿದದ್ದು ಬಿಸಿ ಸೀಮೆಯ ಬಾಟಲಿ ಇರಬಹುದು. ‘ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಿರಿ’ ಎಂಬ ಮಾತು ಕೇಳಿ ಹಾಗೇ ಸುರಿದಿರಲೂಬಹುದು. ಅದು ಯುರೋಪಿನ ಹಳೇ ತಣ್ಣನೆ ಮನೆಗಳ ಲೆಕ್ಕ. 28 ಡಿಗ್ರಿಯಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಫ್ರಿಜ್‌ನಲ್ಲಿಟ್ಟು, 16 ಡಿಗ್ರಿ ಆಸುಪಾಸಿಗೆ ತಂದು ನೋಡಿ.

ಆಗಲೂ ಬರಲಿಲ್ವಾ? ಹಾಗಾದರೆ ಮೂಗೇ ಹಾಗಿರಬಹುದು. ಆ ಸಂಶೋಧಕರು ವಾಸನೆ ನೋಡಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಪರೀಕ್ಷೆಯ ಅತಿ ಹೆಚ್ಚಿನ ಪ್ರಮಾಣದಲ್ಲೂ ರೊಟಂಡೋನ್ ಗೊತ್ತೇ ಆಗಲಿಲ್ಲ. ನಮ್ಮ ಮನೆಯಲ್ಲೂ ಹೀಗೇ ಆಯ್ತು. ಒಂದೇ ಬಾಟಲಿ, ಎರಡು ಲೋಟ. ನನಗೆ ಆಗತಾನೆ ಕುಟ್ಟಿದ ಮೆಣಸು, ನನ್ನ ತಮ್ಮನಿಗೆ ‘ಒಳ್ಳೇ ನೇರಳೆ ಹಣ್ಣಿನ ರಸ’. ಅರ್ಧ ಗಂಟೆ ವಾದ ಮಾಡಿದೆವು. ಇಬ್ಬರೂ ಸರಿಯಾಗೇ ಹೇಳುತ್ತಿದ್ದೆವು ಅಂತ ಆಮೇಲೆ ಗೊತ್ತಾಯಿತು.