ಸೂರ್ಯ ಮುಳುಗಿದ ಮೇಲಿನ ವಿದ್ಯುತ್ತು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಗೆ ಹರಡಿಕೊಂಡಿರುವ ಸೌರ ಪಾರ್ಕಿನ ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ರಾಯಚೂರು ಬಳಿಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ಶಾಖೋತ್ಪನ್ನ ಸ್ಥಾವರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ, ಪಾವಗಡ ಬಂದ ಮೇಲೆ ರಾಯಚೂರಿನ ಕುಲುಮೆಗಳನ್ನು ಆರಿಸಬಹುದಿತ್ತಲ್ಲ ಎನ್ನಿಸುವುದು ಸಹಜ. ಹಾಗೆ ಮಾಡಲು ಇನ್ನೂ ಆಗಿಲ್ಲ. ಅದರ ಕಾರಣ ತಿಳಿದರೆ ಶುದ್ಧ ಇಂಧನದ ಕಡೆಗಿನ ಪ್ರಯಾಣದ ನಿಜವಾದ ತೊಡಕು ಎಲ್ಲಿದೆ ಎಂಬುದು ಅರ್ಥವಾಗುತ್ತದೆ.

ಮೆಗಾವಾಟ್ ಎಂಬುದು ವಿದ್ಯುತ್ ಹೊರಬರುವ ವೇಗದ ಅಳತೆ. ನಾವು ಬಿಲ್ ಕಟ್ಟುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ ಆ ವೇಗದಲ್ಲಿ ಎಷ್ಟು ಹೊತ್ತು ಹರಿಯಿತು ಎಂಬ ಲೆಕ್ಕದಲ್ಲಿ. ಸೌರ ಫಲಕಗಳು ಬೆಳಿಗ್ಗೆ ಮೆಲ್ಲಗೆ ಏರಿ, ನಡುಹಗಲಿನಲ್ಲಿ ಶಿಖರ ಮುಟ್ಟಿ, ಸಂಜೆಯ ಹೊತ್ತಿಗೆ ಸೊನ್ನೆಗೆ ಇಳಿಯುತ್ತವೆ. ಹಗಲು-ರಾತ್ರಿ, ಮೋಡ, ಮಳೆ ಎಲ್ಲವನ್ನೂ ಸೇರಿಸಿ ವರ್ಷದ ಸರಾಸರಿ ತೆಗೆದರೆ ಅವು ಕೊಡುವುದು ತಮ್ಮ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗ. ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಅನಿಲಗಳಿಗೆ ಹೊರತಾದ ಮೂಲಗಳ ಪಾಲು 2025ರಲ್ಲಿ ಅರ್ಧಕ್ಕೆ ಮುಟ್ಟಿದರೂ, ಬಳಕೆಗೆ ಬರುವ ಹತ್ತು ಯೂನಿಟ್‌ಗಳಲ್ಲಿ ಸುಮಾರು ಏಳು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದು ಇದೇ ಕಾರಣಕ್ಕೆ. ಕಲ್ಲಿದ್ದಲಿನ ಒಂದು ಯೂನಿಟ್ ಎಂದರೆ ಸರಿಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್.

ವಿದ್ಯುಜ್ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸಮವಾಗಿರಬೇಕು. ಬಳಕೆ ಹೆಚ್ಚಾದರೆ ತಿರುಗುವ ಜನರೇಟರುಗಳ ವೇಗ ಕುಸಿದು ಜಾಲದ ಆವರ್ತನ 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ, ಕಡಿಮೆಯಾದರೆ ಮೇಲೇರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಭಾಗಕ್ಕೆ ಬೆಸೆದುಕೊಂಡಾಗಿನಿಂದ ಈ ಸಮತೋಲನದ ಹೊಣೆಯನ್ನು ಎಲ್ಲ ರಾಜ್ಯಗಳೂ ಹಂಚಿಕೊಂಡಿವೆ. ಆದರೆ ಸಂಜೆ ಆರರ ನಂತರ ದೀಪ, ಫ್ಯಾನು, ಟಿ.ವಿ., ಅಡುಗೆಮನೆಯ ಮಿಕ್ಸಿಗಳೆಲ್ಲ ಚಾಲೂ ಆಗುವ ವೇಳೆಗೆ ಪಾವಗಡದ ಜೊತೆಗೇ ರಾಜಸ್ಥಾನದ ಸೌರ ಪಾರ್ಕುಗಳೂ ಕತ್ತಲಿಗೆ ಸರಿಯುತ್ತಿರುತ್ತವೆ. ಆ ಹೊತ್ತಿನ ಭಾರ ಹೊರಲು ಕಲ್ಲಿದ್ದಲು ಘಟಕ ಬೇಕಾದರೆ ಅದನ್ನು ಮಧ್ಯಾಹ್ನವೂ ಉರಿಸುತ್ತಲೇ ಇರಬೇಕಾಗುತ್ತದೆ. ಅದರ ದಪ್ಪ ಉಕ್ಕಿನ ಬಾಯ್ಲರು, ಟರ್ಬೈನುಗಳನ್ನು ತಣ್ಣಗಿನ ಸ್ಥಿತಿಯಿಂದ ಬಿರುಕು ಬಿಡದಂತೆ ಕಾಯಿಸಲು ಹಲವು ಗಂಟೆಗಳು ಹಿಡಿಯುತ್ತವೆ. ಉತ್ಪಾದನೆಯನ್ನು ಸಾಮರ್ಥ್ಯದ ಶೇ 55ಕ್ಕಿಂತ ಕೆಳಗೆ ಇಳಿಸುವುದೂ ಬಹುತೇಕ ಘಟಕಗಳಿಗೆ ಕಷ್ಟ.

ಹಾಗಾಗಿ ಸೂರ್ಯ ಕೊಡುವ ಹೊತ್ತಿಗೆ ನಮ್ಮ ಬಳಕೆಯನ್ನು ಎಷ್ಟರಮಟ್ಟಿಗೆ ಹೊಂದಿಸಬಹುದು ಎಂಬ ಪ್ರಶ್ನೆ ಮೊದಲು ಬರಬೇಕು. ಇದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉತ್ತರ ಸಿಕ್ಕಿದೆ, ಮತ್ತು ಅದು ಸಿಗಬೇಕಾದಷ್ಟು ಗಮನ ಪಡೆದಿಲ್ಲ ಎಂಬುದು ನನ್ನ ಅನಿಸಿಕೆ.

ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಬಳಕೆಯಾಗುವ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗದಷ್ಟನ್ನು ಅವೇ ಪಡೆಯುತ್ತವೆ. ಊರಿನ ಬಳಕೆ ಕಡಿಮೆ ಇರುವ ಸರಿರಾತ್ರಿಯಲ್ಲಿ ಹೊಲದ ಕಡೆ ತ್ರೀ ಫೇಸ್ ಕರೆಂಟ್ ಬಿಡುವುದು ವರ್ಷಗಳ ಕಾಲ ನಡೆದುಬಂದ ಪದ್ಧತಿಯಾಗಿತ್ತು. ರಾತ್ರಿ ಒಂದಕ್ಕೋ ಎರಡಕ್ಕೋ ಕರೆಂಟ್ ಬಂದಾಗ ರೈತರು ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ, ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದು ಮೋಟರ್ ಆನ್ ಮಾಡಿ, ಮಡಿಯಿಂದ ಮಡಿಗೆ ನೀರು ತಿರುಗಿಸಬೇಕಿತ್ತು. ಬದುವಿನಲ್ಲಿ ಹಾವು, ಕಾಡಂಚಿನಲ್ಲಿ ಹಂದಿ, ಆನೆ. ಒದ್ದೆ ಕೈಯಲ್ಲಿ ಶಾಕ್ ಹೊಡೆಸಿಕೊಂಡು ಸತ್ತವರೂ ಇದ್ದಾರೆ. ಎದ್ದು ಹೋಗಲಾರದವರು ಆಟೋ ಸ್ಟಾರ್ಟರ್ ಹಾಕಿಸಿ ಮಲಗುತ್ತಿದ್ದರು. ಆಗ ಕರೆಂಟ್ ಬಂದ ಕ್ಷಣದಲ್ಲೇ ಒಂದು ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹೊಂದಿಕೊಂಡ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗಿ ಟಿಸಿ ಸುಡುತ್ತಿತ್ತು, ಇಲ್ಲವೇ ಮಡಿ ತುಂಬಿದ ಮೇಲೂ ನೀರು ಹರಿದು ಪೋಲಾಗುತ್ತಿತ್ತು.

ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಫೀಡರು (ಸಬ್‌ಸ್ಟೇಷನ್ನಿನಿಂದ ಹೊರಡುವ ತಂತಿಮಾರ್ಗ) ಮತ್ತು ಪಂಪ್‌ಸೆಟ್‌ಗಳ ಫೀಡರುಗಳನ್ನು ಬೇರೆ ಮಾಡಿದ್ದು ಮೊದಲ ಹೆಜ್ಜೆ. ಸೌರ ವಿದ್ಯುತ್ ಹೆಚ್ಚಿದಂತೆ ಪಂಪ್‌ಸೆಟ್ ಫೀಡರುಗಳಿಗೆ ಹಗಲಿನಲ್ಲೇ ಹೆಚ್ಚು ಹೊತ್ತು ತ್ರೀ ಫೇಸ್ ಕೊಡಲು ಸಾಧ್ಯವಾಯಿತು. 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವಾಟ್ ದಾಟಿದಾಗ, ಬಿಸಿಲಿನ ಹೊತ್ತಿನ ಆ ಭಾರದಲ್ಲಿ ದೊಡ್ಡ ಪಾಲು ಸೌರ ವಿದ್ಯುತ್ತಿನದಾಗಿತ್ತು. ಹೊಸ ತಂತ್ರಜ್ಞಾನ ಬೇಡದ, ಫೀಡರಿನ ಸ್ವಿಚ್ಚಿನ ಸಮಯ ಬದಲಿಸಿದ್ದರಿಂದ ಆದ ಈ ಲಾಭ ರೈತನ ನಿದ್ದೆ ಮತ್ತು ಜೀವವನ್ನೂ ಉಳಿಸುವಂಥದ್ದು. ಉಚಿತ ವಿದ್ಯುತ್ತಿನಿಂದ ಅಂತರ್ಜಲ ಬರಿದಾಗುವ ಸಮಸ್ಯೆ ಮಾತ್ರ ಇದರಿಂದ ಬಗೆಹರಿಯುವುದಿಲ್ಲ, ಮತ್ತು ಅದನ್ನು ಮರೆಮಾಚಬಾರದು.

ಬೆಂಗಳೂರಿಗೆ ಕಾವೇರಿ ನೀರು ಬರುವ ಬಗೆಯಲ್ಲೂ ಇಂಥದೇ ಅವಕಾಶವಿದೆ. ತೊರೆಕಾಡನಹಳ್ಳಿಯಿಂದ ಹೊರಟ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ ನಗರ ಸೇರುತ್ತದೆ. ಒಂದು ಸಾವಿರ ಲೀಟರ್ ನೀರನ್ನು 367 ಮೀಟರ್ ಮೇಲೆತ್ತಲು, ಏನೂ ನಷ್ಟವಾಗದಿದ್ದರೂ, ಸರಿಯಾಗಿ ಒಂದು ಯೂನಿಟ್ ಬೇಕು. ನಗರಕ್ಕೆ ದಿನಕ್ಕೆ 200 ಕೋಟಿ ಲೀಟರ್‌ಗೂ ಹೆಚ್ಚು ನೀರು ತರುವ ವ್ಯವಸ್ಥೆಯಿದೆ. ಕೊಳವೆಗಳ ಘರ್ಷಣೆಯನ್ನೂ ಸೇರಿಸಿದರೆ ಬೇಕಾಗುವ ಯೂನಿಟ್‌ಗಳು ದಿನಕ್ಕೆ ಲಕ್ಷಗಳ ಲೆಕ್ಕದಲ್ಲಿವೆ. ನಗರದ ಅಂಚಿನ ಜಲಾಗಾರಗಳನ್ನು ದೊಡ್ಡದು ಮಾಡಿ, ಹೆಚ್ಚುವರಿ ಪಂಪುಗಳನ್ನು ಅಳವಡಿಸಿದರೆ ಈ ಕೆಲಸದ ಒಂದಷ್ಟು ಪಾಲನ್ನಾದರೂ ನಡುಹಗಲಿಗೆ ತಳ್ಳಬಹುದು.

ಹೀಗೆಲ್ಲ ಹೊಂದಿಸಿದ ಮೇಲೂ ಸಂಜೆಗೆ ಉಳಿಯುವ ಬೇಡಿಕೆಗೆ ಸಂಗ್ರಹ ಬೇಕೇ ಬೇಕು. ಕರ್ನಾಟಕಕ್ಕೆ ಈವರೆಗೆ ಆ ಕೆಲಸ ಮಾಡಿಕೊಟ್ಟಿರುವುದು ಮಳೆನೀರು. ಲಿಂಗನಮಕ್ಕಿಯ ನೀರಿನಿಂದ 1,035 ಮೆಗಾವಾಟ್ ಕೊಡಬಲ್ಲ ಶರಾವತಿ ಕೇಂದ್ರವನ್ನು ಕೆಲವೇ ನಿಮಿಷಗಳಲ್ಲಿ ಏರಿಸಿ ಇಳಿಸಬಹುದು. ಹಗಲು ತಡೆದಿಟ್ಟ ನೀರು ರಾತ್ರಿಯ ವಿದ್ಯುತ್ತಾಗುತ್ತದೆ. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟಾಗ ಒಂದು ಕಡೆ ಜಲಾಶಯಗಳು ತುಂಬಲಿಲ್ಲ, ಇನ್ನೊಂದು ಕಡೆ ಒಣಗುವ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಅಕಾಲದಲ್ಲಿ ಓಡಿದವು. ಆ ಅಕ್ಟೋಬರಿನಲ್ಲಿ ರಾಜ್ಯ ವಿದ್ಯುತ್ ಅಭಾವವನ್ನು ಎದುರಿಸಿತು. ಹವಾಮಾನ ಹದಗೆಟ್ಟಂತೆ ನಮ್ಮ ಅತ್ಯಂತ ಶುದ್ಧವಾದ ಸಂಗ್ರಹವೇ ನಂಬಿಕೆಗೆ ದೂರವಾಗುತ್ತದೆ ಎಂಬುದು ಆತಂಕದ ಸಂಗತಿ.

ಅದೇ ನೀರನ್ನು ಮತ್ತೆ ಮೇಲೆತ್ತಿ ಬಳಸುವ ಪಂಪ್ಡ್ ಸ್ಟೋರೇಜ್ ಇದಕ್ಕೊಂದು ಪರಿಹಾರ. ಮಧ್ಯಾಹ್ನದ ಸೌರ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಸಂಜೆ ಅದನ್ನು ಟರ್ಬೈನಿನ ಮೂಲಕ ಇಳಿಸಿದರೆ ಹಾಕಿದ ನೂರು ಯೂನಿಟ್‌ಗೆ ಎಪ್ಪತ್ತೈದರಿಂದ ಎಂಬತ್ತು ಮರಳಿ ಸಿಗುತ್ತವೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು ಇಂಥ 2,000 ಮೆಗಾವಾಟ್ ಯೋಜನೆ ಮಾಡುವ ಪ್ರಸ್ತಾವವಿದೆ. ಜಲಾಶಯಗಳು ಹೊಸದಾಗಿ ಬೇಡವೆಂಬುದು ಅದರ ಪರವಾದ ವಾದ. ಸುರಂಗ, ರಸ್ತೆ, ಕಾಮಗಾರಿಗಳು ಸಿಂಗಳೀಕಗಳ ಅಭಯಾರಣ್ಯದ ಮಳೆಕಾಡಿನೊಳಗೇ ನಡೆಯಬೇಕೆಂಬುದು ವಿರೋಧಿಸುವವರ ಆಕ್ಷೇಪ. ಆ ಆಕ್ಷೇಪವೇ ಹೆಚ್ಚು ತೂಕದ್ದು ಎಂದು ನಾನು ಭಾವಿಸುತ್ತೇನೆ. ನದಿಯ ಹರಿವಿಗೆ ಹೊರಗೆ ಎರಡು ಕೃತಕ ಜಲಾಶಯಗಳನ್ನು ಕಟ್ಟಿ, ಒಮ್ಮೆ ತುಂಬಿದ ನೀರನ್ನೇ ಸುತ್ತಿಸುವ ವಿಧಾನ ಆಂಧ್ರಪ್ರದೇಶದ ಪಿನ್ನಾಪುರದಲ್ಲಿ ಜಾರಿಗೆ ಬಂದಿದೆ. ಆವಿಯಾಗಿ ಹೋದಷ್ಟನ್ನು ತುಂಬಿಕೊಟ್ಟರೆ ಸಾಕಾಗುವುದರಿಂದ ಇದಕ್ಕೆ ಘಟ್ಟದ ಮಳೆಯೂ ಬೇಡ, ಕಾಡೂ ಬೇಡ. ಬಯಲುಸೀಮೆಯ ಬೋಳು ಗುಡ್ಡಗಳಲ್ಲಿ ಇಂಥ ಜಾಗಗಳನ್ನು ಹುಡುಕುವ ಕೆಲಸ ಘಟ್ಟಕ್ಕೆ ಕೈಹಾಕುವ ಮೊದಲು ಮುಗಿಯಬೇಕು.

ಬ್ಯಾಟರಿಗಳ ಬೆಲೆಯೂ ಕಳೆದ ಒಂದು ದಶಕದಲ್ಲಿ ಬಹಳ ಇಳಿದಿದೆ. ಸಂಜೆಯ ಎರಡು-ನಾಲ್ಕು ಗಂಟೆಗಳ ಭಾರಕ್ಕೆ ಅವು ಚೆನ್ನಾಗಿ ಒದಗುತ್ತವೆ. ಈಗಾಗಲೇ ಜಾಗ ಮತ್ತು ತಂತಿಮಾರ್ಗ ಎರಡೂ ಇರುವ ಸಬ್‌ಸ್ಟೇಷನ್ನುಗಳ ಆವರಣದಲ್ಲೇ ಅವುಗಳನ್ನು ಇಡಬಹುದು. ಆದರೆ ಎಲ್ಲಿ ಇಟ್ಟರೂ, ಯಾವ ಜಮೀನು ತೆಗೆದುಕೊಂಡರೂ, ಪಾವಗಡದ ಒಂದು ಕೊರತೆ ಅಲ್ಲಿ ಮರುಕಳಿಸಬಾರದು. ಪದೇ ಪದೇ ಬರ ಕಂಡ ಆ ಸೀಮೆಯಲ್ಲಿ ಜಮೀನು ಮಾರದೆ ಗುತ್ತಿಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಬಾಡಿಗೆ ಸಿಗುತ್ತಿದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಕರಾರಿನಲ್ಲಿ ಪಾಲಿರಲಿಲ್ಲ.