ವಿಂಡೋಸ್ 11 ಅಪ್‌ಗ್ರೇಡ್ ಅರ್ಧಕ್ಕೇ ವಾಪಸ್ ಬಂದರೆ ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ: ಸರ್, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. 11ಕ್ಕೆ ಅಪ್‌ಗ್ರೇಡ್ ಕೊಟ್ಟೆ. ಮುಕ್ಕಾಲು ಭಾಗ ಮುಗಿದು, ರೀಸ್ಟಾರ್ಟ್ ಆಗಿ, ಮತ್ತೆ ಹಳೇ ವಿಂಡೋಸೇ ಬಂತು. ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಮಾಡಿಸಲಾ?

ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗಿನಿಂದ ಈ ಪ್ರಶ್ನೆ ಬರುತ್ತಲೇ ಇದೆ. ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೋಗುವುದು ನಿಮ್ಮ ಫೋಟೋ, ನಿಮ್ಮ ಫೈಲು.

ಹಳೇ ವಿಂಡೋಸ್ ವಾಪಸ್ ಬಂತು ಅಂದರೆ ಲ್ಯಾಪ್‌ಟಾಪ್ ಕೆಟ್ಟಿತು ಅಂತಲ್ಲ, ಸೆಟಪ್ ತನ್ನ ಕೆಲಸ ಸರಿಯಾಗಿ ಮಾಡಿದೆ ಅಂತ. ಅಪ್‌ಗ್ರೇಡ್ ಮಾಡುವಾಗ ಹಳೇ ವಿಂಡೋಸನ್ನು ಅದು ಅಳಿಸುವುದಿಲ್ಲ, ಪಕ್ಕಕ್ಕೆ ಎತ್ತಿಡುತ್ತದೆ. ಹೊಸದು ಬೂಟ್ ಆಗುವಾಗ ಯಾವುದೋ ಡ್ರೈವರ್ (ಪ್ರಿಂಟರ್, ವೈಫೈಯಂಥ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶ) ತಕರಾರು ಮಾಡಿದರೆ, ಎತ್ತಿಟ್ಟಿದ್ದನ್ನೇ ಮತ್ತೆ ತಂದು ಕೂರಿಸುತ್ತದೆ. ಪರದೆ ಮೇಲೆ ‘ಅಂಡೂಯಿಂಗ್ ಚೇಂಜಸ್’ ಅಂತ ಬರುವುದು ಆಗಲೇ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ. ಎಷ್ಟೋ ಲ್ಯಾಪ್‌ಟಾಪ್ ನಿಜವಾಗಿ ಕೆಡುವುದು ಅಪ್‌ಗ್ರೇಡ್ ಸೋತಾಗ ಅಲ್ಲ, ಹೀಗೆ ನಡುವೆ ಆಫ್ ಮಾಡಿದಾಗ.

ಹಾಗಾದರೆ ಫಾರ್ಮ್ಯಾಟ್ ಮಾಡಿಸಿದವರದ್ದು ಸರಿಹೋಗುತ್ತದಲ್ವಾ ಅಂತ ಕೇಳುತ್ತೀರಿ. ಕೆಲವರದ್ದು ಹೋಗುತ್ತದೆ. ತಕರಾರಿನ ಡ್ರೈವರ್ ಕೂಡ ಉಳಿದೆಲ್ಲದರ ಜೊತೆ ಅಳಿಸಿಹೋಗಿರುತ್ತದೆ, ಅಷ್ಟೆ. ಆ ಒಂದೇ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದ್ದರೂ ಸಾಕಿತ್ತು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್‌ಗಳು) ಟಿಪಿಎಂ ಅನ್ನುವ ಭದ್ರತಾ ಚಿಪ್ ಆಫ್ ಆಗಿದ್ದರೆ ಫಾರ್ಮ್ಯಾಟ್ ಮಾಡಿದರೂ ವಿಂಡೋಸ್ 11ರ ಸೆಟಪ್ ಒಪ್ಪುವುದಿಲ್ಲ. ಫೈಲುಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ ಡಿಸ್ಕೇ ಸಾಯುತ್ತಿದ್ದರೆ ಫಾರ್ಮ್ಯಾಟ್‌ನಿಂದ ಅದಕ್ಕೆ ಜೀವ ಬರುವುದಿಲ್ಲ. ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವೈರಸ್ ಹೊಕ್ಕರೆ ಫಾರ್ಮ್ಯಾಟ್ ಮಾಡುವುದೇ ಸುಲಭವಾಗಿತ್ತು. ಅಂಗಡಿಯವರು ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

“ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ಡಿ ಡ್ರೈವ್‌ನಲ್ಲಿರೋದು ಸೇಫ್” ಅನ್ನುವ ಮಾತಂತೂ ಎಷ್ಟು ಜನರ ಫೈಲು ನುಂಗಿದೆಯೋ. ನಿಮ್ಮ ಡೆಸ್ಕ್‌ಟಾಪ್ ಎಲ್ಲಿದೆ? ಸಿ ಡ್ರೈವ್‌ನಲ್ಲಿ. ಡೌನ್‌ಲೋಡ್ಸ್? ಅದೂ ಸಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕೂಡ, ನೀವಾಗಿ ಬೇರೆ ಕಡೆ ಹಾಕಿರದಿದ್ದರೆ. ಮಗಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಎಲ್ಲಿ ಸೇವ್ ಮಾಡಿದ್ದೀರಿ? ಡೆಸ್ಕ್‌ಟಾಪ್ ಮೇಲೆ ತಾನೆ?

ಈಗ ಮಾಡಬೇಕಾದ್ದು. ಸೋತ ಮೇಲೆ ಬರುವ ಎರರ್ ಕೋಡನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅದರಲ್ಲಿ 80070070 ಇದ್ದರೆ ಜಾಗ ಸಾಲದು ಅಂತ. ಸಿ ಡ್ರೈವ್‌ನಲ್ಲಿ 30 ಜಿಬಿಯಷ್ಟಾದರೂ ಖಾಲಿ ಮಾಡಿ. 1900101 ಇದ್ದರೆ ಹೆಚ್ಚಾಗಿ ಡ್ರೈವರ್ ತಕರಾರು. ಪ್ರಿಂಟರ್, ಡಾಂಗಲ್, ಪೆನ್‌ಡ್ರೈವ್ ಎಲ್ಲ ಕಿತ್ತಿಡಿ, ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆಯಿರಿ, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಹಾಕಿ. ಚಾರ್ಜರ್ ಹಾಕಿಯೇ ಮತ್ತೆ ಶುರು ಮಾಡಿ. ಆಗಲೂ ಆಗದಿದ್ದರೆ ಮೈಕ್ರೋಸಾಫ್ಟ್‌ನದೇ ‘ಸೆಟಪ್‌ಡಯಾಗ್’ ಅನ್ನುವ ಉಚಿತ ಟೂಲ್ ಇದೆ. ಸೆಟಪ್ ಏನೇನು ಮಾಡಿತು ಅನ್ನುವ ದಾಖಲೆ (ಲಾಗ್) ಓದಿ, ಎಷ್ಟೋ ಸಲ ತಕರಾರಿನ ಡ್ರೈವರ್ ಫೈಲಿನ ಹೆಸರನ್ನೇ ಹೇಳುತ್ತದೆ. ಟಿಪಿಎಂ ಆನ್ ಮಾಡಲು ಬಯಾಸ್‌ಗೆ ಕೈ ಹಾಕುವ ಮುಂಚೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಲಾಕ್ ಆದರೆ ಯಾರೂ ತೆಗೆಯಲಾರರು.

ಫಾರ್ಮ್ಯಾಟ್ ಆದ ಮೇಲೆ ನೀವು ಹುಡುಕಾಡುವ ಇನ್ನೊಂದಿದೆ, ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫೈಲುಗಳು. ಇದನ್ನು ಯಾರೂ ಮುಂಚೆ ಕೇಳುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಂಡ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲು ಕೆಟ್ಟಿಲ್ಲ, ಫಾಂಟ್ ಹೋಗಿದೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಅಪ್‌ಗ್ರೇಡ್‌ನಲ್ಲಿ ಫಾಂಟ್ ಸಾಮಾನ್ಯವಾಗಿ ಉಳಿಯುತ್ತದೆ, ಫಾರ್ಮ್ಯಾಟ್‌ನಲ್ಲಿ ಹೋಗುತ್ತದೆ. ಫಾಂಟ್ ಮತ್ತೆ ಹಾಕಿದರೆ ಅಕ್ಷರ ವಾಪಸ್ ಬರುತ್ತದೆ. ಪುರುಸೊತ್ತಾದಾಗ ಅವನ್ನೆಲ್ಲ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗವಿರುವ ವ್ಯವಸ್ಥೆ) ಬದಲಾಯಿಸಿಬಿಡಿ, ನುಡಿ, ಬರಹ ಎರಡರಲ್ಲೂ ಅದಕ್ಕೆ ಸೌಲಭ್ಯವಿದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಬದಲಾಯಿಸುವಾಗ ಅರ್ಕಾವೊತ್ತು ಕೆಲವೊಮ್ಮೆ ಜಾಗ ತಪ್ಪುತ್ತದೆ. ‘ಕಾರ್ಯ’, ‘ವರ್ಷ’ದಂಥ ಪದಗಳನ್ನು ಹುಡುಕಿ, ಮೂಲದ ಜೊತೆ ಒಮ್ಮೆ ತಾಳೆ ನೋಡಿ.