ರೊಟ್ಟಿ ಫೋಟೋ ಹಾಕಿದರೆ ಮನೆ ದಾರಿಯೂ ಗೊತ್ತಾಗುತ್ತದಾ?

ಪ್ರಶ್ನೆ: "ನಾನು ಕಲಬುರಗಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರ್ತೀನಿ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ, ಇನ್‌ಸ್ಟಾಗ್ರಾಮಿಗೆ ಹಾಕ್ತೀನಿ. ದೊಡ್ಡ ಆರ್ಡರ್ ಕೊಡೋರು ಫೋಟೋ ಮಸುಕು ಮಸುಕು ಕಾಣ್ತದ ಅಂದ್ರೆ ಡಾಕ್ಯುಮೆಂಟ್ ಮಾಡಿ ಕಳಿಸ್ತೀನಿ. ಮನೆ ವಿಳಾಸ ಯಾರಿಗೂ ಕೊಡಂಗಿಲ್ಲ, ಗಿರಾಕಿಗಳು ಸೂಪರ್ ಮಾರ್ಕೆಟ್ ಹತ್ರ ಬಂದು ಒಯ್ತಾರ. ಆದ್ರ ಫೋಟೋದಾಗೇ ವಿಳಾಸ ಇರ್ತದ ಅಂತ ನನ್ನ ಮಗ ಅಂತಾನ. ಖರೆ ಏನ್ರಿ?"

ಖರೆ, ಆದರೆ ಅರ್ಧ ಖರೆ. ಫೋಟೋದೊಳಗೆ ಜಾಗದ ಗುರುತು ಇರುತ್ತದೆ. ಅದು ಗಿರಾಕಿಯ ಫೋನಿನವರೆಗೆ ಹೋಗುತ್ತದಾ ಇಲ್ಲವಾ ಅನ್ನೋದು ನೀವು ಫೋಟೋ ಕಳಿಸುವ ದಾರಿಯ ಮೇಲೆ ನಿಂತಿದೆ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಒಂದೇ ಪದದ ಮೇಲೆ: ಡಾಕ್ಯುಮೆಂಟ್.

ಉತ್ತರ ಬರೆಯುವ ಮೊದಲು ನಾನೂ ಒಂದು ಸಣ್ಣ ಪರೀಕ್ಷೆ ಮಾಡಿದೆ. ನಮ್ಮ ಮಾಳಿಗೆ ಮೇಲಿನ ಪರ್ಸಿ ಕಟ್ಟೆಯಲ್ಲಿ ನಾಲ್ಕು ರೊಟ್ಟಿ ಇಟ್ಟು ಫೋಟೋ ತೆಗೆದೆ. ಗೂಗಲ್ ಫೋಟೋಸ್‌ನಲ್ಲಿ ಅದನ್ನು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸಿದೆ. ದಿನಾಂಕ, ಸಮಯ, ಫೋನಿನ ಮಾಡೆಲ್, ಕೆಳಗೊಂದು ಪುಟ್ಟ ನಕ್ಷೆ. ನಕ್ಷೆ ಮುಟ್ಟಿ ದೊಡ್ಡದು ಮಾಡಿದರೆ ಗುರುತು ನಮ್ಮದೇ ಓಣಿಯಲ್ಲಿ, ಎದುರು ಮನೆಯ ಕಾಂಪೌಂಡಿನ ಮೇಲೆ ಕೂತಿತ್ತು. ನಮ್ಮ ಮನೆಯಿಂದ ಹತ್ತು ಹೆಜ್ಜೆ ಆಚೆ. ಹುಡುಕಿಕೊಂಡು ಬರುವವನಿಗೆ ಅಷ್ಟು ಸಾಕು. ರೊಟ್ಟಿ ಮಾಡೋರ ಮನೆ ಯಾವುದು ಅಂತ ಕೇಳಿದರೆ ಉಳಿದದ್ದನ್ನು ಓಣಿಯ ಹುಡುಗರೇ ತೋರಿಸುತ್ತಾರೆ.

ಹಿಂದೆ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದ ಬೆನ್ನಿಗೆ ಊರು, ತಾರೀಖು ಬರೆದಿಡುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೇ ಇದು. ಈಗ ಬರೆಯುವುದು ಫೋನು, ಅದೂ ಕೇಳದೆ. ಈ ಬೆನ್ನಿನ ಬರಹಕ್ಕೆ ಎಕ್ಸಿಫ್ ಅನ್ನುತ್ತಾರೆ. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರ ಸಂಘವೊಂದು 1995ರಲ್ಲಿ ಮಾಡಿದ ಪದ್ಧತಿ. ಯಾವ ಕ್ಯಾಮೆರಾ, ಎಷ್ಟು ಬೆಳಕು, ಎಷ್ಟು ಹೊತ್ತಿಗೆ ಅನ್ನುವ ವಿವರ ಫೋಟೋದ ಜೊತೆಗೇ ಇರಲಿ ಅಂತ ಮಾಡಿದ್ದು. ಆಮೇಲೆ ಫೋನಿಗೆ ಜಿಪಿಎಸ್ ಬಂತು, ಜಾಗವೂ ಅದರೊಳಗೆ ಸೇರಿಕೊಂಡಿತು.

ಜಾಗವನ್ನು ಅದು ಬರೆಯುವುದು ಅಂಕಿಗಳಲ್ಲಿ. ಅಕ್ಷಾಂಶ, ರೇಖಾಂಶ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. ನಮ್ಮ ಊರಿನ ಕೋಟೆಯನ್ನೇ ತಗೊಳ್ಳಿ: 17.34, 76.83. ಚುಕ್ಕಿಯ ನಂತರ ಎರಡು ಅಂಕಿ ಇದ್ದರೆ ಸುಮಾರು 1 ಕಿಲೋಮೀಟರ್ ಅಳತೆಯ ಪ್ರದೇಶ ಸಿಗುತ್ತದೆ. ಕೋಟೆ, ಅದರ ಸುತ್ತಲಿನ ಓಣಿಗಳು ಎಲ್ಲ ಸೇರಿ. ಮೂರನೇ ಅಂಕಿ ಬಂದರೆ 110 ಮೀಟರ್. ನಾಲ್ಕನೆಯದು ಬಂದರೆ 11 ಮೀಟರ್, ಅಂದರೆ ಒಂದು ಮನೆ. ಐದನೇ ಅಂಕಿಗೆ ಸುಮಾರು 1 ಮೀಟರ್, ಮನೆಯೊಳಗಿನ ಕಟ್ಟೆ! ಫೋನು ಐದಾರು ಅಂಕಿ ಬರೆದಿಟ್ಟಿರುತ್ತದೆ. ಅಷ್ಟು ಖಚಿತವಾಗಿ ಅದಕ್ಕೆ ಗೊತ್ತಿರುವುದಿಲ್ಲ ಅನ್ನೋದು ಬೇರೆ ಮಾತು. ತೆರೆದ ಆಕಾಶದ ಕೆಳಗೆ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ, ಅಡುಗೆಮನೆಯೊಳಗೆ ಇನ್ನೂ ಜಾಸ್ತಿ. ನೀವು ರೊಟ್ಟಿ ಒಣಗಿಸುವುದು ಮಾಳಿಗೆ ಮೇಲೆ ಅಲ್ವಾ? ಜಿಪಿಎಸ್‌ಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಈಗ ದಾರಿಯ ವಿಷಯ. ಅದೇ ಫೋಟೋವನ್ನು ತಂಗಿಯ ಫೋನಿಗೆ ವಾಟ್ಸಾಪಿನಲ್ಲಿ ಎರಡು ಸಲ ಕಳಿಸಿದೆ. ಮೊದಲ ಸಲ ಎಲ್ಲರೂ ಕಳಿಸುವ ಹಾಗೆ, ಫೋಟೋ ಆಗಿ. ಅವಳ ಫೋನಿನಲ್ಲಿ ಅದನ್ನು ತೆರೆದರೆ ನಕ್ಷೆ ಇಲ್ಲ. ಫೋಟೋವನ್ನು ಕುಗ್ಗಿಸುವಾಗ ವಾಟ್ಸಾಪ್ ಈ ಬೆನ್ನಿನ ಬರಹವನ್ನು ಉದುರಿಸಿಬಿಡುತ್ತದೆ. ನಿಮಗೆ ಮಸುಕು ಕಾಣುವುದೂ ಅದೇ ಕುಗ್ಗಿಸುವ ಕೆಲಸದಿಂದಲೇ. ಎರಡನೇ ಸಲ ಡಾಕ್ಯುಮೆಂಟ್ ಆಗಿ ಕಳಿಸಿದೆ. ಡಾಕ್ಯುಮೆಂಟನ್ನು ವಾಟ್ಸಾಪ್ ಮುಟ್ಟುವುದಿಲ್ಲ, ಇದ್ದದ್ದು ಇದ್ದ ಹಾಗೆ ದಾಟಿಸುತ್ತದೆ. ತಂಗಿಯ ಫೋನಿನಲ್ಲೂ ನಮ್ಮ ಓಣಿ ಬಂತು, ಎದುರು ಮನೆ ಕಾಂಪೌಂಡು ಬಂತು. ಅಂದರೆ ಗ್ರೂಪಿನ ನೂರಾರು ಜನರಿಗೆ ನಿಮ್ಮ ಮನೆ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಮುಖ ಪರಿಚಯವೂ ಇಲ್ಲದ ಆ ದೊಡ್ಡ ಆರ್ಡರಿನವರಿಗೆ.

ಟೆಲಿಗ್ರಾಮಿನಲ್ಲಿ 'ಫೈಲ್' ಅಂತ ಕಳಿಸಿದರೂ ಇದೇ ಕಥೆ. ಇಮೇಲ್, ಬ್ಲೂಟೂತ್, ಕ್ವಿಕ್ ಶೇರ್‌ನಲ್ಲೂ ಸಾಮಾನ್ಯವಾಗಿ ಎಲ್ಲ ಹಾಗೇ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಬೇರೆ. ನೋಡುವವರಿಗೆ ಕಾಣುವ ಫೋಟೋದಿಂದ ಜಾಗ ತೆಗೆದುಹಾಕುತ್ತವೆ. ಕಂಪನಿ ತನಗಾಗಿ ಓದಿಕೊಳ್ಳುತ್ತದೆ, ಅದು ಇನ್ನೊಂದು ದೊಡ್ಡ ಪುರಾಣ. ನಿಮ್ಮ ಚಿಂತೆ ಇರುವುದು ಬಾಗಿಲು ತಟ್ಟುವವರ ಬಗ್ಗೆ. ಆ ಮಟ್ಟಿಗೆ ಇನ್‌ಸ್ಟಾಗ್ರಾಮ್ ತೊಂದರೆ ಇಲ್ಲ, ನೀವೇ ಲೊಕೇಶನ್ ಸೇರಿಸದಿದ್ದರೆ.

ಇದೆಲ್ಲ ನಮ್ಮಂಥವರಿಗೆ ಮಾತ್ರ ಆಗುವ ಎಡವಟ್ಟು ಅಂದುಕೊಳ್ಳಬೇಡಿ. ಕಂಪ್ಯೂಟರ್ ವೈರಸ್ ಹಿಡಿಯುವ ಸಾಫ್ಟ್‌ವೇರ್ ಮಾಡಿಯೇ ಹೆಸರಾದ ಜಾನ್ ಮೆಕಾಫಿ 2012ರಲ್ಲಿ ಬೆಲೀಜ್ ದೇಶದ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಜೊತೆಗಿದ್ದ ಪತ್ರಿಕೆಯವರು ಅವರ ಫೋಟೋ ಒಂದನ್ನು ಅಂತರ್ಜಾಲಕ್ಕೆ ಹಾಕಿದರು. ಐಫೋನಿನಲ್ಲಿ ತೆಗೆದದ್ದು, ಜಾಗದ ಗುರುತು ತೆಗೆಯಲು ಮರೆತಿದ್ದರು. ಅವರು ಗ್ವಾಟೆಮಾಲಾದಲ್ಲಿ ಇದ್ದಾರೆ ಅಂತ ಲೋಕಕ್ಕೇ ಗೊತ್ತಾಯಿತು. ಕೆಲವೇ ದಿನಗಳಲ್ಲಿ ಅಲ್ಲಿ ಬಂಧನವೂ ಆಯಿತು.

ಹಾಗಾದರೆ ಏನು ಮಾಡಬೇಕು? ಕ್ಯಾಮೆರಾ ತೆರೆದು ಗೇರ್ ಚಿಹ್ನೆ ಒತ್ತಿ. 'ಲೊಕೇಶನ್ ಟ್ಯಾಗ್' ಅಥವಾ 'ಸೇವ್ ಲೊಕೇಶನ್' ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಐಫೋನಾದರೆ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಲೊಕೇಶನ್ ಸರ್ವಿಸಸ್, ಅಲ್ಲಿ ಕ್ಯಾಮೆರಾಕ್ಕೆ 'ನೆವರ್'. ಇಷ್ಟೇ. ಇದರಿಂದ ಮ್ಯಾಪ್ ಕೆಡುವುದಿಲ್ಲ, ಆಟೋ ಕರೆಯುವ ಆ್ಯಪ್ ಕೆಡುವುದಿಲ್ಲ. ನಿಮ್ಮ ಮನೆಯಲ್ಲಿ ಹೊಲ ಇದ್ದು ತೊಗರಿ ಬೆಳೆ ಸಮೀಕ್ಷೆಯ ಆ್ಯಪ್ ಬಳಸುತ್ತಿದ್ದರೆ ಅದೂ ಕೆಡುವುದಿಲ್ಲ. ಅವುಗಳಿಗೆಲ್ಲ ಬೇರೆ ಬೇರೆ ಅನುಮತಿ ಇರುತ್ತದೆ. ಫೋನಿನ ಲೊಕೇಶನ್ನೇ ಪೂರ್ತಿ ಆಫ್ ಮಾಡಿಕೊಂಡು, ಆಮೇಲೆ ಫೋನು ಕಳೆದಾಗ ಹುಡುಕಲು ಆಗದೆ ಒದ್ದಾಡುವವರನ್ನು ನೋಡಿದ್ದೇನೆ. ಅದು ಬೇಡ.

ಈಗಾಗಲೇ ತೆಗೆದ ಫೋಟೋಗಳಲ್ಲಿ ಗುರುತು ಉಳಿದೇ ಇರುತ್ತದೆ. ಅದರಲ್ಲಿ ಯಾವುದನ್ನಾದರೂ ಚೆನ್ನಾಗಿ ಕಾಣುವ ಹಾಗೆ ಕಳಿಸಬೇಕಾದರೆ ಡಾಕ್ಯುಮೆಂಟ್ ಬಿಟ್ಟು, ಫೋಟೋ ಕಳಿಸುವಾಗ ಬರುವ 'ಎಚ್‌ಡಿ' ಒತ್ತಿ. ಅದಕ್ಕಿಂತ ಸುಲಭದ್ದು ಸ್ಕ್ರೀನ್‌ಶಾಟ್. ಫೋಟೋ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಹಳೆಯ ಗುರುತು ಅದಕ್ಕೆ ಬರುವುದಿಲ್ಲ. ನನ್ನ ಮಾತು ನಂಬಬೇಡಿ, ಮೊದಲು ಮಗನ ಫೋನಿಗೆ ಕಳಿಸಿ ನಕ್ಷೆ ಬರುತ್ತದಾ ನೋಡಿ. ಗೂಗಲ್ ಫೋಟೋಸ್ ಕೆಲವೊಮ್ಮೆ 'ಅಂದಾಜು ಸ್ಥಳ' ಅಂತ ತಾನೇ ಊಹಿಸಿ ತೋರಿಸುತ್ತದೆ. ಅದಕ್ಕೆ ಗಾಬರಿ ಬೇಡ, ಅದು ಫೋಟೋದೊಳಗೆ ಇರುವುದಲ್ಲ.

ಹಿಂದೆ ಕಳಿಸಿದ ಡಾಕ್ಯುಮೆಂಟುಗಳ ಕಥೆ? ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಸೌಲಭ್ಯ ಇರುವುದು ಸುಮಾರು ಎರಡೂವರೆ ದಿನ ಮಾತ್ರ. ಅಷ್ಟರೊಳಗೆ ಅವರು ಬೇರೆ ಕಡೆ ಉಳಿಸಿಕೊಂಡಿದ್ದರೆ ಮುಗಿಯಿತು. ಹಾಗಂತ ಅವರೆಲ್ಲ ನಕ್ಷೆ ತೆರೆದು ನೋಡಿದ್ದಾರೆ ಅಂತಲ್ಲ. ಹತ್ತರಲ್ಲಿ ಒಂಬತ್ತು ಜನ ರೊಟ್ಟಿ ನೋಡಿ ರೇಟು ಕೇಳುತ್ತಾರೆ, ಅಷ್ಟೇ.

ನೀವು ಕೇಳದೇ ಇದ್ದ ಒಂದು ವಿಷಯ. ನಮ್ಮ ಕಡೆ ಪಂಚಾಯ್ತಿ, ಅಂಗನವಾಡಿ ಕೆಲಸದವರ ಫೋನಿನಲ್ಲಿ ಜಿಪಿಎಸ್ ಮ್ಯಾಪ್ ಕ್ಯಾಮೆರಾ ಅನ್ನುವ ಆ್ಯಪ್ ಇದ್ದೇ ಇರುತ್ತದೆ. ಕೆಲಸ ನಡೆದ ಜಾಗ ತೋರಿಸಬೇಕಲ್ಲ, ಅದಕ್ಕೆ. ಅದರಲ್ಲಿ ತೆಗೆದರೆ ಫೋಟೋದ ಕೆಳಗೆ ಊರು, ರಸ್ತೆ, ಅಂಕಿ, ಸಮಯ, ಸಣ್ಣ ನಕ್ಷೆ ಎಲ್ಲ ಅಚ್ಚು ಬೀಳುತ್ತದೆ. ಕೆಲಸಕ್ಕೆ ಅದು ಬೇಕು. ಆದರೆ ಅದೇ ಆ್ಯಪಿನಲ್ಲಿ ಸಂಜೆ ಮನೆಗೆ ಬಂದು ಮಗುವಿನ ಹುಟ್ಟುಹಬ್ಬದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದವರನ್ನು ಕಂಡಿದ್ದೇನೆ. ಕೇಕಿನ ಕೆಳಗೆ ಪೂರ್ತಿ ವಿಳಾಸ! ಇದನ್ನು ವಾಟ್ಸಾಪ್ ಉದುರಿಸುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದರೂ ಹೋಗುವುದಿಲ್ಲ. ಅದು ಬೆನ್ನಿನ ಬರಹ ಅಲ್ಲ, ಮುಖದ ಮೇಲಿನ ಬರಹ. ಕತ್ತರಿಸಿಯೇ ತೆಗೆಯಬೇಕು.

ಎಳ್ಳ ಅಮಾವಾಸ್ಯೆ ದಿನದ ಸ್ಟೇಟಸ್ಸುಗಳೂ ಇದೇ ಜಾತಿಗೆ ಸೇರಿದವು. ಹೊಲದಲ್ಲಿ ಕೂತು ಭಜ್ಜಿ, ಕಡಬು ತಿನ್ನುತ್ತಿರುವ ಇಡೀ ಮನೆಯವರ ಫೋಟೋ, ಮಧ್ಯಾಹ್ನ ಒಂದೂವರೆಗೆ. ಮನೆಗೆ ಬೀಗ ಬಿದ್ದಿದೆ ಅಂತ ಅದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತದಾ? ನಾನಂತೂ ರಾತ್ರಿ ಮನೆಗೆ ಬಂದ ಮೇಲೆ ಹಾಕುತ್ತೇನೆ. ಬೀದರ್ ಕಡೆ ಕೃಷ್ಣಮೃಗದ ಫೋಟೋ ತೆಗೆಯುವ ಗೆಳೆಯನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ. ಜಾಗದ ಗುರುತು ತೆಗೆದು, ಎರಡು ವಾರ ಬಿಟ್ಟು ಹಾಕುತ್ತಾನೆ. ಬೇಟೆಗಾರರಿಗೂ ಫೋನಿದೆ ಅನ್ನುತ್ತಾನೆ.

ಕೊನೆಗೆ, ಪ್ರಶ್ನೆಯ ಜೊತೆ ನೀವು ಕಳಿಸಿದ ಎರಡು ಫೋಟೋ. ಎರಡರಲ್ಲೂ ನಕ್ಷೆ ಇಲ್ಲ, ಫೋಟೋ ಆಗಿಯೇ ಕಳಿಸಿದ್ದೀರಿ. ಆದರೆ ಎರಡನೆಯದರಲ್ಲಿ ರೊಟ್ಟಿ ಬುಟ್ಟಿಯ ಹಿಂದೆ ಕರೆಂಟ್ ಮೀಟರ್ ಇದೆ. ಪಕ್ಕದ ಮೊಳೆಗೆ ಜೆಸ್ಕಾಂ ಬಿಲ್ ಚುಚ್ಚಿದ್ದೀರಿ, ಹಿಗ್ಗಿಸಿದರೆ ಹೆಸರು ಓದಬಹುದು. ಬಾಗಿಲ ಹತ್ತಿರ ಕೆಎ-32 ಸ್ಕೂಟಿಯ ನಂಬರ್ ಪ್ಲೇಟೂ ಮುಕ್ಕಾಲು ಕಾಣುತ್ತಿದೆ. ನನ್ನ ಫೋನಿನಿಂದ ಅದನ್ನು ಅಳಿಸಿದ್ದೇನೆ. ಇನ್‌ಸ್ಟಾಗ್ರಾಮಿಗೂ ಅದೇ ಫೋಟೋ ಹಾಕಿದ್ದರೆ ಇವತ್ತೇ ತೆಗೆಯಿರಿ. ಬುಟ್ಟಿಯನ್ನು ಮಾಳಿಗೆ ಮೇಲೆ ಒಯ್ದು, ಹಿಂದೆ ಒಂದು ಬಿಳಿ ಪಂಚೆ ಕಟ್ಟಿ ಇನ್ನೊಂದು ತೆಗೆಯಿರಿ. ರೊಟ್ಟಿಯೂ ಇನ್ನಷ್ಟು ಚೆಂದ ಕಾಣುತ್ತದೆ.